ಇಪ್ಪತ್ತೇಳನೇ ಪ್ರಶ್ನೆಗೆ ಗಂಡನ ಉತ್ತರ

ಗಂಡ ಹೆಂಡತಿ ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಟ್ಟರೆ ಸಾಮಾನ್ಯ ಮನೆಗಳಲ್ಲಿ ಅದನ್ನು ಜಗಳ ಎನ್ನುತ್ತಾರೆ. ನಮ್ಮ ಕಚೇರಿಯಲ್ಲಿ ಅದರ ಹೆಸರು ‘ತಾಳೆಯಾಗದ ಪ್ರಕರಣ’. ಇಂಥ ಪ್ರಕರಣಗಳನ್ನು ಹಿಡಿಯುವುದೇ ನನ್ನ ಹೊಟ್ಟೆಪಾಡು. ಸರ್ಕಾರ ಕೆಲವು ವರ್ಷಗಳಿಗೊಮ್ಮೆ ಕುಟುಂಬ ಆರೋಗ್ಯದ ಸಮೀಕ್ಷೆ ನಡೆಸುತ್ತದೆ. ಸಮೀಕ್ಷೆಯವರು ಮನೆಗಳಿಗೆ ಹೋಗಿ, ಗಂಡನನ್ನು ಒಂದು ಕಡೆ ಹೆಂಡತಿಯನ್ನು ಒಂದು ಕಡೆ ಕೂರಿಸಿ, ಮಕ್ಕಳೆಷ್ಟು, ಇನ್ನೂ ಬೇಕೇ ಸಾಕೇ, ಸಾಕಾಗಿದ್ದರೆ ಅದಕ್ಕೆ ಏನು ಮಾಡುತ್ತಿದ್ದೀರಿ ಎಂದೆಲ್ಲ ಕೇಳಿ ಬರೆದು ತರುತ್ತಾರೆ. ಆ ಎರಡು ಫಾರಂಗಳನ್ನು ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡುವವನು ನಾನು. ತಾಳೆಯಾಗದಿದ್ದರೆ ಕೆಂಪು ಶಾಯಿಯಲ್ಲಿ ಒಂದು ಚೀಟಿ ಬರೆದು ಲಗತ್ತಿಸುತ್ತೇನೆ. ಅದನ್ನು ಹಿಡಿದುಕೊಂಡು ಅವರು ಮತ್ತೆ ಅದೇ ಮನೆಯ ಬಾಗಿಲು ತಟ್ಟಬೇಕು. ನನ್ನ ಚೀಟಿಗಳ ಖಾರ ಇಲಾಖೆಯಲ್ಲೆಲ್ಲ ಪ್ರಸಿದ್ಧ (ಬೆನ್ನ ಹಿಂದೆ ನನ್ನನ್ನು ‘ಕೆಂಪಣ್ಣ’ ಎನ್ನುತ್ತಾರೆ. ನನಗೆ ಗೊತ್ತು, ಗೊತ್ತಿಲ್ಲದವನಂತೆ ಇದ್ದೇನೆ).

ಇಂಥ ಮಹಾನುಭಾವನ ಮನೆಯೇ ಈ ಸಲ ಸಮೀಕ್ಷೆಗೆ ಆಯ್ಕೆಯಾಗಬೇಕೇ? ಮನೆಗಳನ್ನು ಆರಿಸುವುದು ಕಂಪ್ಯೂಟರು. ಅದಕ್ಕೆ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. ನನಗಂತೂ ಖುಷಿಯೇ ಆಯಿತು. ಒಂದು ಆದರ್ಶ ಫಾರಂ ಹೇಗಿರುತ್ತದೆಂದು ಇಲಾಖೆಗೆ ತೋರಿಸುವ ಅವಕಾಶ. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿಗೆ ಹಿಂದಿನ ದಿನವೇ ತರಬೇತಿ ಶುರುಮಾಡಿದೆ.

“ನೋಡು, ಉತ್ತರ ಚಿಕ್ಕದಾಗಿರಲಿ. ಕೇಳಿದ್ದಕ್ಕೆ ಮಾತ್ರ ಹೇಳು. ಕಥೆ ಹೇಳ್ಬೇಡ.”

“ಕೇಳೋದು ನನ್ನನ್ನೋ, ನಿಮ್ಮನ್ನೋ?”

“ನಿನ್ನನ್ನೇ.”

“ಹಾಗಾದ್ರೆ ನೀವು ಸುಮ್ನಿರಿ,” ಎಂದು ಹಲ್ಲಿನಲ್ಲಿ ದಾರ ಕಡಿದಳು. ಊರಿನವರ ಬಟ್ಟೆಗೆ ಅಳತೆ ಹಿಡಿದು ಹಿಡಿದು ನನ್ನ ಮಾತಿಗೂ ಎಲ್ಲಿ ಕತ್ತರಿ ಹಾಕಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತು.

ಭಾನುವಾರ ಬೆಳಿಗ್ಗೆ ಇಬ್ಬರು ಬಂದರು. ಸಮೀಕ್ಷೆಯ ಹುಡುಗಿ ನನ್ನ ಹೆಂಡತಿಯನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ಮೆತ್ತಗಿನ ದನಿಯ ಒಬ್ಬ ಯುವಕ ನನ್ನನ್ನು ಬಾಲ್ಕನಿಯಲ್ಲಿ ಕೂರಿಸಿದ. ನಾನು ಯಾರೆಂದು ಅವನಿಗೆ ಹೇಳಲಿಲ್ಲ. ದೊಡ್ಡವರು ಹಾಗೆಲ್ಲ ಹೇಳಿಕೊಳ್ಳುವುದಿಲ್ಲ. ಪ್ರಶ್ನೆ ಅರ್ಧದಲ್ಲಿರುವಾಗಲೇ ಉತ್ತರ ಕೊಟ್ಟೆ. ನಲವತ್ತನೇ ಪ್ರಶ್ನೆ, “ಮನೆಗೆಲಸದಲ್ಲಿ ಕೈಜೋಡಿಸುತ್ತೀರಾ, ಪಾತ್ರೆ ತೊಳೆಯುವುದು ಇತ್ಯಾದಿ?” ಎಂದಾಗಲೂ ತಡವರಿಸದೆ, “ಹೌದು, ದಿನಾ,” ಎಂದೆ (ತಿಂದ ತಟ್ಟೆಯನ್ನು ಸಿಂಕಿನವರೆಗೆ ಒಯ್ಯುವುದೂ ಕೆಲಸವೇ ತಾನೆ). ಹನ್ನೆರಡು ನಿಮಿಷದಲ್ಲಿ ಎಲ್ಲ ಮುಗಿಯಿತು.

ಕೋಣೆಯ ಬಾಗಿಲು ಮಾತ್ರ ತೆರೆಯಲಿಲ್ಲ. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಆಗ ನನಗೆ ನೆನಪಾಯಿತು. ನಲವತ್ತನೇ ಪ್ರಶ್ನೆ ಅವಳ ಫಾರಂನಲ್ಲೂ ಇದೆಯಲ್ಲ. ಅವಳು ‘ಇಲ್ಲ’ ಎಂದರೆ ತಾಳೆ ತಪ್ಪಿತು. ಅಲ್ಲಿಗೆ ನನ್ನ ಆದರ್ಶ ಫಾರಂನ ಬಣ್ಣ ಬಯಲಾದಂತೆಯೇ.

“ಅಪ್ಪಾ, ಬಾಗಿಲಿಗೆ ಕಿವಿ ಕೊಡಬಾರದು ಅಂತ ನಿಯಮ ಇದೆ ಅಂದಿದ್ರಲ್ಲ?” ಹಿಂದಿನಿಂದ ಮಗಳು.

“ನಾನು ಕ್ಯಾಲೆಂಡರ್ ನೋಡ್ತಿದ್ದೆ.”

“ಕ್ಯಾಲೆಂಡರ್ ಆ ಕಡೆ ಗೋಡೆ ಮೇಲಿದೆ.”

ಹದಿನಾರು ವರ್ಷದ ಮಗಳಿಗೆ ಉತ್ತರ ಹೇಳುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಅಷ್ಟರಲ್ಲಿ ಬಾಗಿಲು ತೆರೆಯಿತು. ಹೆಂಡತಿಯ ಕಣ್ಣು ಕೆಂಪಾಗಿತ್ತು. ಮುಖ ತೊಳೆದುಕೊಂಡು ಬಂದು ಮತ್ತೆ ಯಂತ್ರದ ಮುಂದೆ ಕೂತಳು.

“ಏನು ಹೇಳಿದೆ?”

“ಕೇಳಿದ್ದಕ್ಕೆ ಹೇಳಿದೆ.”

“ನನ್ನ ಬಗ್ಗೆ?”

“ಉತ್ತರ ಗುಟ್ಟಾಗಿಡ್ತೀವಿ ಅಂತ ಆ ಹುಡುಗಿ ಹೇಳಿದ್ದಾಳೆ. ನೀವೇನು ಸರ್ಕಾರಕ್ಕಿಂತ ಹೆಚ್ಚಾ?”

ಅತ್ತಿದ್ದಾಳೆ ಎಂದರೆ ನನ್ನ ಹದಿನೆಂಟು ವರ್ಷದ ಪಾಪವನ್ನೆಲ್ಲ ಪಟ್ಟಿ ಮಾಡಿ ಒಪ್ಪಿಸಿದ್ದಾಳೆ ಎಂದೇ ತಿಳಿದೆ. ಆ ಸಂಜೆಯಿಂದಲೇ ತೋಳು ಮಡಚಿ ಸಿಂಕಿನ ಮುಂದೆ ನಿಂತೆ. ಮರುಪರಿಶೀಲನೆಗೆ ಯಾರಾದರೂ ಬಂದರೆ ನನ್ನ ಉತ್ತರವಾದರೂ ನಿಜವಾಗಿರಲಿ ಎಂಬುದು ನನ್ನ ಲೆಕ್ಕಾಚಾರ. ಎರಡು ಲೋಟ ಒಡೆದವು. ಹೆಂಡತಿ ಚೂರುಗಳನ್ನು ಗುಡಿಸಿ ಹಾಕಿದಳು. ಮಗ, “ಅಪ್ಪಂಗೆ ಹುಷಾರಿಲ್ವಾ ಅಮ್ಮಾ?” ಎಂದು ಪಿಸುಗುಟ್ಟಿದ.

ಒಂಬತ್ತು ದಿನಗಳ ನಂತರ, ಕಚೇರಿಯಲ್ಲಿ. ನಮ್ಮ ಮೇಜಿಗೆ ಬರುವ ಫಾರಂಗಳಲ್ಲಿ ಹೆಸರು, ವಿಳಾಸದ ಮೊದಲ ಹಾಳೆ ಇರುವುದಿಲ್ಲ. ಎದುರಿನ ಮೇಜಿನ ಮೇಡಂ ಒಂದು ಜೋಡಿ ಫಾರಂ ಎತ್ತಿ ಹಿಡಿದರು.

“ಸಾರ್, ಇಪ್ಪತ್ತೇಳು ತಾಳೆಯಾಗಲ್ಲ. ಎಷ್ಟು ಸಲ ಗರ್ಭ ನಿಂತಿತ್ತು ಅನ್ನೋದಕ್ಕೆ ಹೆಂಡತಿ ಮೂರು ಅಂದಿದ್ದಾಳೆ, ಗಂಡ ಎರಡು ಅಂದಿದ್ದಾನೆ. ಮಹಾಶಯ ಫಾರಂ ಪೂರ್ತಿ ಹನ್ನೆರಡೇ ನಿಮಿಷದಲ್ಲಿ ಮುಗಿಸಿದ್ದಾನೆ.”

“ಯಾವ ಬಸ್ ಹಿಡಿಯೋದಿತ್ತೋ,” ಎಂದೆ. ಇಡೀ ಕೋಣೆ ನಕ್ಕಿತು. ಹನ್ನೆರಡು ನಿಮಿಷ ಎಂದಾಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಗಿಸುವ ಹುಮ್ಮಸ್ಸಿನಲ್ಲಿ ಕೆಂಪು ಪೆನ್ನು ತೆಗೆದು, ಗಟ್ಟಿಯಾಗಿ ಓದುತ್ತಾ ಬರೆದೆ: ‘ಪ್ರಶ್ನೆ ಇಪ್ಪತ್ತೇಳು. ಈ ಗಂಡನಿಗೆ ತನ್ನ ಹೊಟ್ಟೆಯ ವಿಚಾರ ಬಿಟ್ಟು ಬೇರೇನೂ ತಿಳಿಯದು. ನಿಧಾನವಾಗಿ ಕೂರಿಸಿ ಮತ್ತೊಮ್ಮೆ ವಿಚಾರಿಸಿ.’ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನನಗೂ ಆ ದಿನ ಸಾರ್ಥಕವಾಯಿತು ಎನಿಸಿತು.

ಮುಂದಿನ ಭಾನುವಾರ ನಾನು ಬಾಣಲೆಯ ತಳ ಉಜ್ಜುತ್ತಿರುವಾಗ ಕರೆಗಂಟೆ ಸದ್ದು ಮಾಡಿತು. ಅದೇ ಮೆತ್ತಗಿನ ದನಿಯ ಯುವಕ. ಬಾಲ್ಕನಿಯಲ್ಲಿ ಕೂತು, ಬಾಗಿಲು ಎಳೆದುಕೊಂಡು, ನೆಲ ನೋಡುತ್ತಾ ಹೇಳಿದ:

“ಒಂದೇ ಒಂದು ಪ್ರಶ್ನೆ ಸಾರ್. ಮೇಲಿನಿಂದ ಚೀಟಿ ಬಂದಿದೆ. ಅಲ್ಲಿ ಯಾರೋ ಕೆಂಪಣ್ಣ ಅಂತ ಇದ್ದಾರಂತೆ, ಎಲ್ಲರಿಗೂ ಹೀಗೇ ಬರೀತಾರಂತೆ. ನೀವು ಬೇಜಾರು ಮಾಡ್ಕೋಬೇಡಿ.”

ಫಾರಂನ ಮೂಲೆಯಲ್ಲಿ ಚೀಟಿ ಇತ್ತು. ಕೆಂಪು ಶಾಯಿ. ಅಕ್ಷರ ನನ್ನದೇ. ‘ಹೊಟ್ಟೆಯ’ ಎಂಬಲ್ಲಿ ನಗುವಿಗೆ ಕೈ ಅಲುಗಿದ ಗುರುತೂ ಇತ್ತು.

ನನ್ನ ಹೆಂಡತಿ ಏನು ಹೇಳಿದಳೆಂದು ಅವನು ಬಾಯಿ ಬಿಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ. ಹೆಂಡತಿ ಮೂರು, ಗಂಡ ಎರಡು. ಮಗಳಾದ ಮೇಲೆ, ಮಗನಿಗಿಂತ ಮೊದಲು ಒಂದಿತ್ತು. ನಾಲ್ಕನೇ ತಿಂಗಳಲ್ಲಿ ಹೋಯಿತು. ನಾನಾಗ ಬೇರೆ ಊರಿನಲ್ಲಿ ತರಬೇತಿಯಲ್ಲಿದ್ದೆ (ಇದೇ ಸಮೀಕ್ಷೆಯ ಹಿಂದಿನೊಂದು ಸುತ್ತಿಗಾಗಿ. ‘ಉಳಿಯದ ಗರ್ಭವನ್ನೂ ತಪ್ಪದೆ ಎಣಿಸಬೇಕು’ ಎಂದು ಅಲ್ಲಿ ನನ್ನಿಂದಲೇ ಗಟ್ಟಿಯಾಗಿ ಓದಿಸಿದ್ದರು). ಪಕ್ಕದ ಮನೆಯಾಕೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ನಾನು ಬರುವಷ್ಟರಲ್ಲಿ ಅವಳು ಮನೆಗೆ ಬಂದು ಯಾರದೋ ಲಂಗಕ್ಕೆ ಅಂಚು ಹೊಲಿಯುತ್ತಿದ್ದಳು. ನಾನು, “ಹೋಗ್ಲಿ ಬಿಡು, ಇನ್ನೊಂದಾಗತ್ತೆ,” ಎಂದೆ. ಸಮಾಧಾನ ಹೇಳಿದೆ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಇನ್ನೊಂದು ಆಯಿತು. ನನ್ನ ಪಾಲಿಗೆ ವಿಷಯ ಮುಗಿಯಿತು. ಅವಳು ಮಾತ್ರ ಯಾರಾದರೂ ಕೇಳಲಿ ಎಂದು ಕಾದಿದ್ದಳೋ ಏನೋ. ಕೊನೆಗೆ ಕೇಳಿದ್ದು ಸರ್ಕಾರ.

“ಮೂರು,” ಎಂದೆ.

“ಆಗಲೇ ಹೇಳಿದ್ರೆ ನನಗೆ ಎರಡು ಬಸ್ಸು ಉಳೀತಿತ್ತಲ್ಲ ಸಾರ್,” ಎಂದು ಗೊಣಗಿ, ತಿದ್ದಿ ಬರೆದುಕೊಂಡು ಹೋದ.

ಮತ್ತೆ ಸಿಂಕಿನ ಮುಂದೆ ಬಂದು ನಿಂತೆ. ಹೆಂಡತಿ ಕತ್ತಿನಲ್ಲಿ ಅಳತೆ ಟೇಪು ಹಾಕಿಕೊಂಡೇ ಬಾಗಿಲಿಗೆ ಬಂದಳು.

“ಏನಂತೆ?”

“ಒಂದು ಉತ್ತರ ತಪ್ಪು ಹೇಳಿದ್ದೆ. ಇಪ್ಪತ್ತೇಳನೇದು.”

ಕತ್ತಿನ ಟೇಪನ್ನು ಬೆರಳಿಗೆ ಸುತ್ತುತ್ತಾ, “ಈಗ ಎಷ್ಟು ಅಂದ್ರಿ?” ಎಂದಳು.

“ಮೂರು.”

ಅವಳು ಬಟ್ಟೆ ತೆಗೆದುಕೊಂಡು ತೊಳೆದಿಟ್ಟ ತಟ್ಟೆಗಳನ್ನು ಒರೆಸತೊಡಗಿದಳು. ಮೂರು ತಟ್ಟೆ ಒರೆಸಿದ ಮೇಲೆ, “ಇದ್ದಿದ್ರೆ ಈಗ ಎಂಟನೇ ಕ್ಲಾಸು,” ಎಂದಳು.

‘ಹೋಗ್ಲಿ ಬಿಡು’ ಎಂಬುದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. “ಹೆರಿಗೆ ಯಾವ ತಿಂಗಳು ಅಂದಿದ್ರು ಡಾಕ್ಟ್ರು?” ಎಂದು ಕೇಳಿದೆ. ಪ್ರಶ್ನೆಗಳಲ್ಲೇ ಹೊಟ್ಟೆ ಹೊರೆಯುವ ನಾನು ಈ ವಿಷಯದಲ್ಲಿ ಅವಳನ್ನು ಕೇಳಿದ ಮೊದಲ ಪ್ರಶ್ನೆ ಅದು.

ಮಾರ್ಚ್ ಎಂದಳು. ಆಮೇಲೆ ಆ ದಿನದ ಬಗ್ಗೆ ಹೇಳಿದಳು. ಆಸ್ಪತ್ರೆಯ ಬೆಂಚು, ಪಕ್ಕದ ಮನೆಯಾಕೆ ಹಿಡಿದುಕೊಂಡಿದ್ದ ಕೈ, ಹೊಲಿದು ಎತ್ತಿಟ್ಟಿದ್ದ ಪುಟ್ಟ ಅಂಗಿಯನ್ನು ಯಾರಿಗೋ ಕೊಟ್ಟದ್ದು. ಅವಳು ಹೇಳುತ್ತಾ ಹೋದಳು. ನಾನು ತೊಳೆದದ್ದನ್ನೇ ತೊಳೆಯುತ್ತಾ ಕೇಳಿದೆ. ಕಥೆ ಹೇಳಬೇಡ ಎನ್ನಲಿಲ್ಲ.

ಎಲ್ಲ ಕೇಳಿದ ಮೇಲೆ ನನಗೂ ಮುಚ್ಚಿಡಲು ಆಗಲಿಲ್ಲ. ಯುವಕ ತಂದಿದ್ದ ಚೀಟಿ ಬರೆದ ಕೆಂಪಣ್ಣ ನಾನೇ ಎಂದು ಒಪ್ಪಿಕೊಂಡು, ಅದನ್ನು ಅಕ್ಷರ ಬಿಡದೆ ಒಪ್ಪಿಸಿದೆ. ಅವಳು ಮೊದಲು ನನ್ನ ಮುಖ ನೋಡಿದಳು, ಆಮೇಲೆ ನನ್ನ ಹೊಟ್ಟೆ ನೋಡಿದಳು, ಆಮೇಲೆ ನಗು ತಡೆಯಲಾರದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಇದೇ ಸಮಯ ಎಂದುಕೊಂಡು ಹದಿನೈದು ದಿನದಿಂದ ಕೊರೆಯುತ್ತಿದ್ದುದನ್ನು ಕೇಳಿದೆ.

“ನಲವತ್ತಕ್ಕೆ ಏನಂದೆ? ಪಾತ್ರೆ ವಿಷಯ.”

“ದಿನಾ ತೊಳೀತಾರೆ ಅಂದೆ.”

“ಆಗ ನಾನು ತೊಳೀತಾನೇ ಇರ್ಲಿಲ್ವಲ್ಲೇ.”

“ಮೂರು ಅಂತ ಹೇಳಿ ಅತ್ತುಬಿಟ್ಟಿದ್ದೆ. ಆ ಹುಡುಗಿ ನಿಮ್ಮನ್ನ ಕೆಟ್ಟವರು ಅಂದ್ಕೋಬಾರ್ದಲ್ಲ, ಅದಕ್ಕೆ ಸೇರಿಸಿ ಹೇಳಿದೆ. ನೀವೇನಂದ್ರಿ?”

“ನಾನೂ ದಿನಾ ಅಂತಲೇ ಅಂದೆ.”

ನಮ್ಮಿಬ್ಬರ ಸುಳ್ಳು ಚೊಕ್ಕವಾಗಿ ತಾಳೆಯಾಗಿತ್ತು. ಅದಕ್ಕೆ ಯಾರೂ ಚೀಟಿ ಬರೆಯಲಿಲ್ಲ. ಇಷ್ಟು ವರ್ಷದಲ್ಲಿ ನಾನು ಸರಿ ಎಂದು ಬಿಟ್ಟ ಫಾರಂಗಳು ಎಷ್ಟೋ. ಅವುಗಳಲ್ಲಿ ಎಷ್ಟು ಮನೆಗಳು ಹೀಗೆ ತಾಳೆಯಾಗಿದ್ದವೋ ದೇವರೇ ಬಲ್ಲ. ಹಾಗೆ ಯೋಚಿಸುತ್ತಾ, ಇನ್ನು ಭಯವಿಲ್ಲವಲ್ಲ ಎಂದು ಕೈ ಒರೆಸಿಕೊಂಡು ಹೊರಟೆ.

“ಎಲ್ಲಿಗೆ?” ಎಂದಳು. “ಸರ್ಕಾರದ ದಾಖಲೆಯಲ್ಲಿ ದಿನಾ ಅಂತ ಇದೆ. ನಾಳೆ ಅದು ಸುಳ್ಳಾದ್ರೆ ಕೆಂಪಣ್ಣ ಬಿಡ್ತಾನಾ?”

ಬಾಣಲೆ ಎತ್ತಿ ಬೆಳಕಿಗೆ ಹಿಡಿದು, ಅದರ ತಳ ನನಗೆ ತೋರಿಸಿದಳು.

“ನೋಡಿ, ಇಲ್ಲಿ ಇನ್ನೂ ಕಪ್ಪಿದೆ. ನಿಧಾನವಾಗಿ, ಮತ್ತೊಮ್ಮೆ ಉಜ್ಜಿ.”