ಟೆನ್ಶನ್ ಇಲ್ಲದ ಬರ್ತ್‌ಡೇಯೂ ಮೈಂದರ್ಗಿಯ ಎಮ್ಮೆಯೂ

ಮಗಳ ಬರ್ತ್‌ಡೇಯನ್ನು ಈ ಸಲ ಒಂದಿಷ್ಟೂ ಟೆನ್ಶನ್ ಇಲ್ಲದೆ ಮಾಡಿ ಮುಗಿಸುತ್ತೇನೆ ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಸುನಂದಾ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಹೂಂ" ಅಂದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಆ "ಹೂಂ"ಗೆ ಏನರ್ಥ ಎಂದು ನನಗೆ ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ.

ನನ್ನ ಧೈರ್ಯಕ್ಕೆ ಆಧಾರವಿತ್ತು. ಸೋಲಾಪುರದ ಹೊರಗಿನ ಕೈಗಾರಿಕಾ ಪ್ರದೇಶ ಚಿಂಚೋಳಿ ಎಂಐಡಿಸಿಯ ಒಂದು ಗೋಡೌನಿನಲ್ಲಿ ನಾನು ಡಿಸ್ಪ್ಯಾಚ್ ಸೂಪರ್‌ವೈಸರ್. ಸೋಲಾಪುರದ ಟವೆಲ್ಲು, ಚಾದರಗಳನ್ನು ಊರೂರಿಗೆ ಕಳಿಸುವುದು ನನ್ನ ಕೆಲಸ. ಯಾವ ಮಾಲು ಯಾವ ಲಾರಿಗೆ, ಯಾವ ಲಾರಿ ಯಾವ ಊರಿಗೆ ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಗುವಾಹಟಿಗೆ ಚಾದರ ಮುಟ್ಟಿಸುವವನಿಗೆ, ಸೋಲಾಪುರದ ಎರಡನೇ ಮಹಡಿಯ ಫ್ಲ್ಯಾಟಿಗೆ ಒಂದು ಕೇಕು ಮುಟ್ಟಿಸುವುದು ಯಾವ ದೊಡ್ಡ ಮಾತು?

"ನೀ ಏನೂ ಮಾಡಬ್ಯಾಡ," ಎಂದೆ. "ಹೊಸ ಸೀರಿ ಉಟ್ಕೊಂಡು ಖುರ್ಚಿ ಮ್ಯಾಲ ಕೂಡು. ಎಲ್ಲಾ ನಾ ನೋಡ್ಕೋತೀನಿ."

"ಕೂಡ್ತೀನಿ ಬಿಡ್ರಿ. ಖುರ್ಚಿ ಆದ್ರೂ ನೀವ ತರ್ತೀರೋ, ಅದೂ ನಾನ ತರಬೇಕೋ?"

ದೊಡ್ಡ ಯೋಜನೆ ಹಾಕಿಕೊಂಡವರು ಇಂಥ ಮಾತಿಗೆಲ್ಲ ಕಿವಿಗೊಡಬಾರದು.

ಮಗಳಿಗೆ ಆರು ತುಂಬುವುದರಲ್ಲಿತ್ತು. ಶಾಲೆಯಲ್ಲಿ ಅವಳ ಹೆಸರು ಇರಾ. ನಮ್ಮ ಹಳ್ಳಿ ಮೈಂದರ್ಗಿಯಲ್ಲಿರುವ ನನ್ನ ಅವ್ವನ ಬಾಯಲ್ಲಿ ಮಾತ್ರ ಈರವ್ವ. ಪಾರ್ಟಿಯ ಬಗ್ಗೆ ಅವಳ ಬೇಡಿಕೆಗಳೇನು ಎಂದು ನಾನು ವಿಧಿವತ್ತಾಗಿ ಕೇಳಿದೆ. ಎರಡೇ ಹೇಳಿದಳು. ಕೇಕಿನ ಮೇಲಿನ ಕ್ಯಾಂಡಲ್ಲುಗಳನ್ನು ತಾನೇ ಊದಬೇಕು. ಹೋದ ವರ್ಷ ಅವಳು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಕೆಳಗಿನ ಮನೆಯ ಮರಾಠಿ ಕಾಕುವಿನ ಮೊಮ್ಮಗ ಊದಿ ಮುಗಿಸಿದ್ದ. ಆಮೇಲೆ ಇವಳು ಅತ್ತ ಅಳುವಿಗೆ ನಾವೆಲ್ಲ ಆ ಕೇಕನ್ನು ತಿಥಿಯ ಊಟದ ಹಾಗೆ ತಲೆ ತಗ್ಗಿಸಿಕೊಂಡು ತಿಂದಿದ್ದೆವು.

"ಎರಡನೇದು?" ಎಂದೆ.

"ಆಯಿ ನಮ್ಮನ್ಯಾಗ ಮಲ್ಕೋಬೇಕ ಪಪ್ಪಾ. ನನ್ನ ಬಾಜೂಕ."

ಆಯಿ ಎಂದರೆ ನನ್ನ ಅವ್ವ, ಅವಳ ಅಜ್ಜಿ. ಇದು ಕಷ್ಟದ್ದು. ಫ್ಲ್ಯಾಟು ಕೊಂಡಾಗಿನಿಂದ ಅವ್ವ ನಮ್ಮಲ್ಲಿ ಒಂದು ರಾತ್ರಿಯೂ ಉಳಿದವಳಲ್ಲ. ಮುಂಜಾನೆ ಅಕ್ಕಲಕೋಟೆಗೆ ಬಂದು ಬಸ್ ಬದಲಿಸಿ ಸೋಲಾಪುರ ಮುಟ್ಟುತ್ತಾಳೆ, ಸಂಜೆ ಹೊರಟೇಬಿಡುತ್ತಾಳೆ. ಕಾರಣ ಎಮ್ಮೆ. ಊರಲ್ಲಿ ತಮ್ಮ ಇದ್ದಾನೆ, ಅವನ ಹೆಂಡತಿ ಇದ್ದಾಳೆ, ಅವ್ವನನ್ನು ಇಬ್ಬರೂ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೆ ಎಮ್ಮೆ ಅವ್ವನ ಕೈಗಲ್ಲದೆ ಇನ್ನಾರ ಕೈಗೂ ಹಾಲು ಬಿಡುವುದಿಲ್ಲ. ಒಮ್ಮೆ ಹಿಂಡಲು ಹೋದ ತಮ್ಮನ ಮೊಳಕಾಲಿನಲ್ಲಿ ಅದರ ಅಭಿಪ್ರಾಯ ಇನ್ನೂ ಅಚ್ಚೊತ್ತಿದ ಹಾಗಿದೆ. ಅವ್ವನಿಗಾಗಿ ಎಂದು ನಾವು ಕೊಂಡ ಮಂಚದ ಮೇಲೆ ಇಸ್ತ್ರಿಗೆ ಕಾಯುವ ಬಟ್ಟೆಗಳು ಮಲಗುತ್ತವೆ. ಪ್ರತಿ ಸಲ ಅವಳನ್ನು ಬಸ್ ಹತ್ತಿಸಿ ತಿರುಗಿ ಬರುವಾಗ ನನಗೆ ಬಹಳ ಕೆಡುಕೆನಿಸುತ್ತದೆ. ಅವಳು ಒಂದು ರಾತ್ರಿಯಾದರೂ ಮಲಗೇಳದ ಮನೆಯನ್ನು ನನ್ನ ಮನೆ ಎನ್ನುವುದು ಹೇಗೆ?

"ಮಲಗಸ್ತೀನಿ," ಎಂದು ಮಗಳಿಗೆ ಮಾತು ಕೊಟ್ಟೆ. ಹೇಗೆ ಎಂಬುದು ಮಾತ್ರ ನನ್ನ ಯೋಜನೆಯಲ್ಲಿ ಇರಲಿಲ್ಲ.

ಮೊದಲ ಬೇಡಿಕೆ ಸುಲಭವಾಗಿತ್ತು. ನಮ್ಮ ಗೋಡೌನಿನಲ್ಲಿ ಬೆಂಕಿ ಬಿದ್ದರೆ ಏನು ಮಾಡಬೇಕು ಎಂದು ಆಗಾಗ ಮಾಕ್ ಡ್ರಿಲ್ ಮಾಡಿಸುತ್ತಾರೆ. ಅದೇ ಪದ್ಧತಿಯನ್ನು ಮನೆಗೆ ತಂದೆ. ದಿನಾ ಸಂಜೆ ಲೈಟು ಆರಿಸುವುದು, ಫ್ಯಾನು ನಿಲ್ಲಿಸುವುದು, ಕ್ಯಾಂಡಲ್ ಹಚ್ಚಿ ಮಗಳ ಮುಂದೆ ತರುವುದು, ಅವಳು ಊದುವುದು, ಅಕ್ಕಪಕ್ಕದ ಮಕ್ಕಳು ಚಪ್ಪಾಳೆ ತಟ್ಟಿ ಹಾಡುವುದು. ತಂದ ಕ್ಯಾಂಡಲ್ಲೆಲ್ಲ ತರಬೇತಿಯಲ್ಲೇ ಕರಗಿಹೋದವು. ಆಗ ನನಗೊಂದು ಉಪಾಯ ಹೊಳೆಯಿತು. ದೀಪಾವಳಿಯ ಪಣತಿಗಳು ಅಟ್ಟದ ಮೇಲಿದ್ದವು. ಒಡೆಯದೆ ಉಳಿದಿದ್ದ ಐದು ಪಣತಿಗೆ ಎಣ್ಣೆ ಬತ್ತಿ ಹಾಕಿ ತಾಟಿನಲ್ಲಿಟ್ಟು ತಂದೆ. ಎಷ್ಟು ಸಲ ಊದಿದರೂ ಮತ್ತೆ ಹಚ್ಚಬಹುದು!

"ದೀಪಾ ಬಾಯಿಲೆ ಊದಬಾರದ್ರಿ," ಎಂದಳು ಸುನಂದಾ. "ಅತ್ತಿಯವರು ನೋಡಿದ್ರ ಏನಂದಾರು?"

"ಇದು ದೀಪಾ ಅಲ್ಲ. ಟ್ರೇನಿಂಗ್ ಮಟೀರಿಯಲ್!"

"ಹೂಂ," ಎಂದಳು.

ವಾರ ತುಂಬುವಷ್ಟರಲ್ಲಿ ಮಗಳು ಎಷ್ಟು ನುರಿತಳೆಂದರೆ, ತಾಟು ಬಾಗಿಲು ದಾಟಿ ಒಳಗೆ ಬಂದರೆ ಸಾಕು, ಕೆಳಗಿಡುವ ಮೊದಲೇ ಐದೂ ಜ್ಯೋತಿ ಮಾಯ. ಡ್ರಿಲ್ ಯಶಸ್ವಿಯಾಗಿದೆ ಎಂದು ನಾನು ಪ್ರಕಟಿಸಿದೆ.

ಬರ್ತ್‌ಡೇ ರವಿವಾರ ಬಂತು. ಸಂಜೆಯ ಗಡಿಬಿಡಿ ಬೇಡವೆಂದು ನಾನು ಬೆಳಗ್ಗೆಯೇ ಬಲೂನುಗಳನ್ನೆಲ್ಲ ಊದಿ ಬಾಲ್ಕನಿಯ ಗ್ರಿಲ್ಲಿಗೆ ಕಟ್ಟಿದೆ. ಸೋಲಾಪುರದ ಮೇ ತಿಂಗಳ ಬಿಸಿಲಿಗೆ ನನ್ನ ಯೋಜನೆಯನ್ನು ಯಾರೂ ತಿಳಿಸಿರಲಿಲ್ಲ. ಮಧ್ಯಾಹ್ನವಾಗುತ್ತಲೇ ಬಲೂನುಗಳು ಒಂದೊಂದಾಗಿ ಢಂ ಎನ್ನತೊಡಗಿದವು. ಕೆಳಗಿನ ಕಾಕು "ಅಗ ಬಾಯಿ, ಸಿಲಿಂಡರ್!" ಎಂದು ಕೂಗುತ್ತ ಮೊಮ್ಮಗನನ್ನು ಎತ್ತಿಕೊಂಡು ಬೀದಿಗೆ ಓಡಿದರು. ಸಿಲಿಂಡರ್ ಅಲ್ಲ, ಸಂಭ್ರಮ ಎಂದು ಅವರಿಗೆ ತಿಳಿಹೇಳಿ ಕರೆತರುವುದರಲ್ಲಿ ನನ್ನ ಅಂಗಿ ತೊಯ್ದು ತೊಪ್ಪೆಯಾಯಿತು.

ಅಷ್ಟರಲ್ಲಿ ಅವ್ವ ಬಂದಳು. ಚೀಲದಲ್ಲಿ ಶೇಂಗಾ ಹೋಳಿಗೆ, ಹಳೇ ಬಟ್ಟೆಯಲ್ಲಿ ಸುತ್ತಿದ ಹಿತ್ತಾಳೆಯ ಆರತಿ ತಾಟು. ಚಪ್ಪಲಿ ಬಿಡುವ ಮೊದಲೇ ಹೇಳಿದಳು, "ಮಲ್ಲೂ, ಸಂಜಿ ಬಸ್ಸಿಗಿ ಹೋಗಾಕ ಬೇಕ ನೋಡಪಾ. ಎಮ್ಮಿ ಹಾದಿ ಕಾಯ್ತಿರತೈತಿ."

ಮಗಳು ನನ್ನ ಮುಖ ನೋಡಿದಳು. ನಾನು ಉಳಿದ ಬಲೂನುಗಳನ್ನು ನೋಡಿದೆ.

ನಾನು ಸ್ಟೂಲಿನ ಮೇಲೆ ನಿಂತು, ಬಾಯಲ್ಲಿ ಟೇಪು ಕಚ್ಚಿಕೊಂಡು ಝಾಲರಿ ಅಂಟಿಸುತ್ತಿದ್ದಾಗ ಗೋಡೌನಿನ ವಾಚ್‌ಮನ್ ಫೋನ್ ಮಾಡಿದ. "ಸಾಹೇಬ್ರ, ಒಂದ ಡಬ್ಬಿ ಬಂದೈತಿ. ಎಲ್ಲಿಡ್ಲಿ?"

"ಎರಡನೇ ಶೆಡ್ಡಿನ್ಯಾಗ ಇಡು. ನಾಳಿ ನೋಡೂನು," ಎಂದೆ.

"ಸೈ ಮಾಡ್ಲೇನ್ರಿ?"

"ಮಾಡು." ಕೆಲಸವೆಂದರೆ ಹೀಗಿರಬೇಕು. ರಜೆಯಲ್ಲೂ ಚುರುಕು!

ಸಂಜೆಯಾಯಿತು. ಮಕ್ಕಳೆಲ್ಲ ನೆರೆದರು. ಎಲ್ಲರ ತಲೆಗೂ ಬಣ್ಣದ ಟೋಪಿ, ನನ್ನ ತಲೆಗೂ ಒಂದು. ಕೇಕು ಬರಲಿಲ್ಲ. ಅಂಗಡಿಗೆ ಫೋನ್ ಮಾಡಿದೆ. ಮಧ್ಯಾಹ್ನವೇ ಮುಟ್ಟಿದೆ, ರಸೀದಿಗೆ ಸೈ ಕೂಡ ಆಗಿದೆ ಎಂದರು. ಯಾರ ಸೈ? ಅವರು ಓದಿ ಹೇಳಿದ ಹೆಸರು ನಮ್ಮ ವಾಚ್‌ಮನ್‌ನದು. ನಾನು ಮೊಬೈಲಿನಲ್ಲಿ ಆರ್ಡರ್ ಮಾಡುವಾಗ, ಅದರಲ್ಲಿ ಮೊದಲೇ ಕೂತಿದ್ದ ಗೋಡೌನಿನ ಅಡ್ರೆಸ್ಸಿಗೇ ಒತ್ತಿಬಿಟ್ಟಿದ್ದೆ. ಮಗಳ ಕೇಕು ಚಿಂಚೋಳಿಯ ಎರಡನೇ ಶೆಡ್ಡಿನಲ್ಲಿ, ತಗಡಿನ ಸೂರಿನ ಕೆಳಗೆ, ಚಾದರಗಳ ನಡುವೆ ಕೂತಿತ್ತು. ಮೇ ತಿಂಗಳಲ್ಲಿ ಆ ತಗಡಿನ ಮೇಲೆ ರೊಟ್ಟಿ ಸುಡಬಹುದು.

"ಗುವಾಹಟಿಗಿ ಹೋಗಿಲ್ಲಲ್ಲ, ಸಾಕ ಬಿಡ್ರಿ," ಎಂದಳು ಸುನಂದಾ. ಹೊಸ ಸೀರೆ ಉಟ್ಟು ಖುರ್ಚಿಯ ಮೇಲೆ ಕೂತಿದ್ದಳು. ಇಡೀ ಯೋಜನೆಯಲ್ಲಿ ಹೇಳಿದ ಪ್ರಕಾರ ನಡೆದದ್ದು ಅದೊಂದೇ.

ಆಗ ಕರೆಂಟು ಹೋಯಿತು.

"ಕೇಕ ಬಂದಾಗ ಬರಲಿ," ಎಂದು ಅವ್ವ ಎದ್ದಳು. "ನಾ ಆರತಿ ಮಾಡಿ ಹೊಂಡ್ತೀನಿ. ಬಸ್ ತಪ್ಪತೈತಿ."

ಹುಟ್ಟಿದ ದಿನ ಮಗುವನ್ನು ಮಣೆಯ ಮೇಲೆ ಕೂಡಿಸಿ ಮನೆಯ ಹಿರಿಯಳು ದೀಪ ಬೆಳಗುವುದು ನಮ್ಮ ಕಡೆಯ ರೂಢಿ. ಅವ್ವನ ಪಾಲಿಗೆ ಬರ್ತ್‌ಡೇ ಎಂದರೆ ಅಷ್ಟೇ, ಉಳಿದದ್ದೆಲ್ಲ ಗದ್ದಲ. ಮಗಳನ್ನು ಮಣೆಯ ಮೇಲೆ ಕೂಡಿಸಿದೆವು. ಕತ್ತಲೆಯ ಕೋಣೆ. ಸುತ್ತ ಮಕ್ಕಳು ಉಸಿರು ಬಿಗಿಹಿಡಿದು ನಿಂತಿದ್ದರು. ಅಡುಗೆಮನೆಯಿಂದ ಅವ್ವ ಬಂದಳು. ಕೈಯಲ್ಲಿ ಹಿತ್ತಾಳೆಯ ತಾಟು, ತಾಟಿನಲ್ಲಿ ಐದು ದೀಪ, ದೀಪದ ಬೆಳಕು ಅವಳ ಮುಖದ ಮೇಲೆ. ಎಷ್ಟು ಚಂದ ಎಂದುಕೊಂಡು ವಿಡಿಯೋ ತೆಗೆಯಲು ಮೊಬೈಲು ಹಿಡಿದೆ. ಹಿಡಿದ ಮೇಲೆ ಇದನ್ನೆಲ್ಲ ಎಲ್ಲೋ ನೋಡಿದ್ದೇನಲ್ಲ ಅನಿಸಿತು. ಕತ್ತಲೆ, ತಾಟು, ಐದು ಜ್ಯೋತಿ, ಸುತ್ತ ಮಕ್ಕಳು...

ಮಗಳು ಆಗಲೇ ಉಸಿರು ಎಳೆದುಕೊಂಡಿದ್ದಳು.

ಫೂ!

ಕತ್ತಲಾಯಿತು. ಆ ಕತ್ತಲಲ್ಲಿ ನನ್ನಿಂದ ತರಬೇತಿ ಪಡೆದ ಮಕ್ಕಳೆಲ್ಲ ಒಕ್ಕೊರಲಿನಿಂದ ಹಾಡತೊಡಗಿದರು. ಚಪ್ಪಾಳೆಯೋ ಚಪ್ಪಾಳೆ!

"ಪಪ್ಪಾ, ಒಂದ ಸಲಕ್ಕ! ಐದೂ!"

ಮೊಬೈಲಿನ ಟಾರ್ಚು ಹಾಕಿದೆ. ಅವ್ವ ತಾಟು ಹಿಡಿದು ಹಾಗೇ ನಿಂತಿದ್ದಳು. ಐದು ಬತ್ತಿಗಳಿಂದ ಹೊಗೆ ಏಳುತ್ತಿತ್ತು. ನಮ್ಮ ಮನೆಯಲ್ಲಿ ದೀಪ ಆರಿಸು ಎಂಬ ಮಾತನ್ನೇ ಆಡುವುದಿಲ್ಲ, ಶಾಂತ ಮಾಡು ಎನ್ನುತ್ತೇವೆ. ಅದನ್ನೂ ಬಾಯಿಂದ ಊದಿ ಮಾಡುವುದಿಲ್ಲ. ಚಿಕ್ಕವನಿದ್ದಾಗ ದೀಪದ ಹತ್ತಿರ ಜೋರಾಗಿ ಸೀನಿದ್ದಕ್ಕೇ ಈ ಅವ್ವನಿಂದ ಪೆಟ್ಟು ತಿಂದವನು ನಾನು. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

"ಯಾರ ಕಲಿಸ್ಯಾರ ಇದನ್ನ?" ಎಂದಳು ಅವ್ವ.

"ಪಪ್ಪಾ! ದಿನಾ ಪ್ರ್ಯಾಕ್ಟೀಸ್ ಮಾಡಿಸ್ಯಾನ!" ಎಂದಳು ಮಗಳು, ಹೆಮ್ಮೆಯಿಂದ.

"ಟ್ರೇನಿಂಗ್ ಮಟೀರಿಯಲ್ ಅಂದಿದ್ರ ನೋಡ್ರಿ ಅತ್ತಿ," ಎಂದು ಖುರ್ಚಿಯಿಂದ ಸಾಕ್ಷಿ ಬಂತು.

ದೊಡ್ಡವರು ಯಾರೂ ನಗುತ್ತಿಲ್ಲ ಎಂಬುದು ಆಗ ಮಗಳಿಗೆ ಕಾಣಿಸಿತು. "ಆಯಿ, ನಾ ತಪ್ಪ ಮಾಡಿದ್ನೇನ?"

ಅವ್ವ ತಾಟು ಕೆಳಗಿಟ್ಟು ಅವಳನ್ನು ತೊಡೆಗೆಳೆದುಕೊಂಡಳು. "ನಿಂದೇನ ತಪ್ಪವಾ ನನ್ನ ಬಂಗಾರ? ನಿಮ್ಮಪ್ಪಂದು." ಸ್ವಲ್ಪ ಹೊತ್ತು ಯೋಚಿಸಿ, ಪಂಚಾಯಿತಿಯಲ್ಲಿ ಹಿರಿಯರು ಹೇಳುವ ಗತ್ತಿನಲ್ಲಿ ಹೇಳಿದಳು. "ಆರಿದ ಆರತಿ ಅದ ಹೊತ್ತಿಗಿ ತಿರಗಿ ಹಚ್ಚಬಾರದು. ಅರ್ಧಕ್ಕ ಬಿಟ್ಟು ಹೊಸ್ತಿಲಾನೂ ದಾಟಬಾರದು. ನಾಳಿ ಮುಂಜಾನಿ ತಲಿಮ್ಯಾಲ ನೀರ ಹಾಕ್ಕೊಂಡು, ಹೊಸ ಬತ್ತಿ ಹಾಕಿ ಎತ್ತತೀನಿ. ಇವತ್ತ ಇಲ್ಲೇ ಇರಾಕ ಬೇಕ."

ಮಗಳು ಕಿರುಚಿದ್ದು ಕೆಳಗಿನ ಬೀದಿಗೂ ಕೇಳಿರಬೇಕು. ನನ್ನ ಎದೆಯೂ ಉಬ್ಬಿತು. "ನೋಡು, ಮಲಗಸ್ತೀನಿ ಅಂತ ಮಾತ ಕೊಟ್ಟಿದ್ನಿಲ್ಲ?" ಎಂದೆ.

"ಮತ್ತ ಎಮ್ಮಿ?" ಎಂದಳು ಅವ್ವ.

ಅವಳ ಕಣ್ಣು ನೇರ ನನ್ನ ಮೇಲೆ ಬಿತ್ತು.

"ಅದರ ಅವ್ವನ್ನ ಸಣ್ಣಾಂವ ಇದ್ದಾಗ ನೀನ ಹಿಂಡ್ತಿದ್ದಿ. ನಿನ್ನ ಕೈ ಅದಕ್ಕ ಗುರ್ತ ಸಿಕ್ಕೀತು. ನೀ ಹೋಗು."

"ನಾನಾ? ಇವತ್ತ? ಮಗಳ ಬರ್ತ್‌ಡೇ..."

"ದೀಪಾ ಊದಾಕ ಕಲಿಸಿದಾಂವ ಯಾರು?"

ಮೇಲ್ಮನವಿಗೆ ಅವಕಾಶವಿರಲಿಲ್ಲ. ಸುನಂದಾ ಅಂದು ಮೊದಲ ಸಲ ಖುರ್ಚಿ ಬಿಟ್ಟು ಎದ್ದಳು, ನನ್ನ ಕೈಗೆ ಟವೆಲ್ಲು ಕೊಡುವುದಕ್ಕೆ. ನಾನು ಮೆಟ್ಟಿಲಿಳಿಯುವಾಗ ಕರೆಂಟು ಬಂತು. ಮೇಲೆ ಮಕ್ಕಳು ಶೇಂಗಾ ಹೋಳಿಗೆಗೆ ಮುಗಿಬಿದ್ದ ಗದ್ದಲ ಕೇಳಿಸಿತು. ಕೇಕಿನ ಹೆಸರನ್ನು ಒಬ್ಬರೂ ಎತ್ತಲಿಲ್ಲ.

ಬಸ್ಸಿನಲ್ಲಿ ಜನ ನನ್ನನ್ನೇ ನೋಡುತ್ತಿದ್ದರು. ಕಂಡಕ್ಟರ್ ಟಿಕೇಟು ಹರಿದುಕೊಟ್ಟು, "ಹ್ಯಾಪಿ ಬರ್ತ್‌ಡೇ ರೀ ಕಾಕಾ," ಎಂದ. ತಲೆ ಮುಟ್ಟಿ ನೋಡಿಕೊಂಡೆ. ಟೋಪಿ ಹಾಗೇ ಇತ್ತು! ಅದನ್ನು ತೆಗೆದು ಜೇಬಿಗೆ ತುರುಕುವಾಗ ವಾಚ್‌ಮನ್‌ನ ಫೋನ್ ಬಂತು.

"ಸಾಹೇಬ್ರ, ಡಬ್ಬಿಲಿಂದ ಏನೋ ಸೋರಾಕತ್ತೈತಿ. ಗುಲಾಬಿ ಬಣ್ಣ ಐತಿ. ಕೆಮಿಕಲ್ ಏನ್ರಿ?"

"ತಿನ್ನು," ಎಂದೆ.

"ಏನ್ರೀ?"

"ಚಮಚಾ ತಗೊಂಡು ತಿನ್ನು. ಚೊಲೋ ಇರತೈತಿ."

ಮರುದಿನ ನಸುಕಿನಲ್ಲಿ ಕೊಟ್ಟಿಗೆಯಲ್ಲಿ ಕೂತೆ. ಎಮ್ಮೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಮುಖ ತಿರುಗಿಸಿತು. ತಮ್ಮನ ಸಲಹೆಯಂತೆ ಅವ್ವನ ಹಳೇ ಸೀರೆಯನ್ನು ತಲೆ ತುಂಬ ಹೊದ್ದುಕೊಂಡೆ. ಎಮ್ಮೆಗೆ ವಾಸನೆ ಹತ್ತಿತೋ ಏನೋ, ಸುಮ್ಮನೆ ನಿಂತಿತು. ಹಾಲು ಬೋಗುಣಿಗೆ ಬೀಳತೊಡಗಿತು. ಹಗ್ಗ ಹಿಡಿದು ನಿಂತ ತಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದೆ, ಆರಿದ ಆರತಿಯ ಶಾಸ್ತ್ರವನ್ನೂ ಹೇಳಿದೆ.

"ಅಂಥಾ ಶಾಸ್ತ್ರ ಯಾವಾಗಿಂದ ಬಂತೋ ಅಣ್ಣಾ?" ಎಂದ ತಮ್ಮ. "ಈ ಯುಗಾದಿಗಿ ಗಾಳಿಗಿ ಆರತಿ ಆರಿತ್ತು. ಅವ್ವ ಅಲ್ಲೇ ನಿಂತು ಕಡ್ಡಿ ಕೊರದು ಹಚ್ಚಿ ಎತ್ತಿದ್ಳು."

ನನ್ನ ಕೈ ನಿಂತಿತು. ಅವ್ವನಿಗೂ ಇರುವ ಮನಸ್ಸಿತ್ತು. ಇಷ್ಟು ವರ್ಷ ನಾವೆಲ್ಲ ಇರು, ಇರು ಎಂದು ಬಾಯಲ್ಲಿ ಹೇಳುತ್ತಿದ್ದೆವು, ಎಮ್ಮೆಯ ಹೊಣೆ ಹೊರುತ್ತೇನೆ ಎಂದು ನಾನೊಮ್ಮೆಯೂ ಹೇಳಿರಲಿಲ್ಲ. ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಅವಳ ಸೀರೆಯ ಸೆರಗೇ ಸಿಕ್ಕಿತು.

ಮೊಬೈಲು ಬಡಿದುಕೊಂಡಿತು. ವಿಡಿಯೋ ಕಾಲಿನಲ್ಲಿ ನಮ್ಮ ಮನೆ. ಅವ್ವ ಆರತಿ ಬೆಳಗುತ್ತಿದ್ದಳು. ಮಗಳು ಮಣೆಯ ಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಕಣ್ಣು ಅಗಲಿಸಿ ಕೂತಿದ್ದಳು. ಆರತಿ ಮುಗಿದ ಮೇಲೇ ಬಾಯಿ ಬಿಟ್ಟಳು.

"ಪಪ್ಪಾ, ಆಯಿ ನನ್ನ ಬಾಜೂಕ ಮಲ್ಕೊಂಡಿದ್ಳು! ಗೊರಕಿ ಹೊಡೀತಾಳ!"

"ಹೌದೇನ? ನಾ ಈಗ ಹೊಂಡ್ತೀನಿ ಬಂಗಾರ, ಮಧ್ಯಾಹ್ನಕ್ಕ ಬಂದಬಿಡ್ತೀನಿ."

"ಬ್ಯಾಡ ಪಪ್ಪಾ. ನೀ ಅಲ್ಲೇ ಇರು. ನೀ ಬಂದ್ರ ಆಯಿ ಹೋಗ್ತಾಳ."

ಹಿಂದಿನಿಂದ ಅವ್ವನ ನಗು ಕೇಳಿಸಿತು. ಜೊತೆಗೆ ಸುನಂದಾಳ "ಹೂಂ" ಕೂಡ.

ಇಡೀ ಬರ್ತ್‌ಡೇಯಲ್ಲಿ ಸರಿಯಾದ ಅಡ್ರೆಸ್ಸಿಗೆ, ಹೇಳಿದ ಹೊತ್ತಿಗೆ, ಒಡೆಯದೆ ಸೋರದೆ ಮುಟ್ಟಿದ ಮಾಲು ನಾನೊಬ್ಬನೇ ಎಂದು ನನಗೆ ಹೊಳೆದದ್ದು ಆಗಲೇ. ಆ ಹೆಮ್ಮೆಯಲ್ಲಿ ತಲೆ ಎತ್ತಿದೆ. ಸೀರೆ ಜಾರಿತು. ಎಮ್ಮೆ ತಿರುಗಿ ನನ್ನ ಮುಖ ನೋಡಿತು, ಮಾಲು ಮುಟ್ಟಿದ್ದಕ್ಕೆ ನನ್ನ ಮೊಳಕಾಲಿನ ಮೇಲೆ ಗೊರಸಿನಿಂದ ಸೈ ಮಾಡಿತು.