ದೋಸೆಗೆ ಐವತ್ತೆರಡು

ಮಾರ್ಕು ಕೊಡುವವರ ಪಕ್ಕದಲ್ಲಿ ಕೂತು ಕೆಲಸ ಮಾಡುವವನಿಗೆ ನಗುವುದಕ್ಕೇನೂ ಬರವಿಲ್ಲ. ವರ್ಷಕ್ಕೊಂದಾದರೂ ಪ್ರಸಂಗ ತಾನಾಗಿಯೇ ಬಂದು ಮೇಜಿನ ಮುಂದೆ ನಿಲ್ಲುತ್ತದೆ. ನಾನು ಬೀದರ್ ಕಡೆಯವನು. ಎಪ್ಪತ್ತರ ದಶಕದಲ್ಲಿ, ಆಗಿನ ಔರಂಗಾಬಾದಿನ ಒಂದು ಕಾಲೇಜಿನಲ್ಲಿ ಗುಮಾಸ್ತನಾಗಿದ್ದೆ.

೧. ಬಿಗಿ ಕೈ

ನಮ್ಮ ರಸಾಯನಶಾಸ್ತ್ರದ ಪ್ರೊಫೆಸರು ಗುಲ್ಬರ್ಗಾ ಕಡೆಯವರು. ಮನುಷ್ಯ ಬಂಗಾರ, ಕೈ ಮಾತ್ರ ಬಲು ಬಿಗಿ. ಪರೀಕ್ಷಕರಲ್ಲಿ ಅವರೇ ಹಿರಿಯರಾದ್ದರಿಂದ ಉಳಿದವರೂ ಅವರ ಮುಖ ನೋಡಿಕೊಂಡೇ ಮಾರ್ಕು ಹಾಕುತ್ತಿದ್ದರು. ನೂರಕ್ಕೆ ಐವತ್ತು ಮುಟ್ಟಿದ ಹುಡುಗ ಓಣಿಗೆಲ್ಲ ಪೇಡೆ ಹಂಚುತ್ತಿದ್ದ.

ಒಮ್ಮೆ ಸಿಲ್ಲೋಡಿನ ಹತ್ತಿ ವ್ಯಾಪಾರಿಯೊಬ್ಬರು ಬಂದು, ಮಗ ಎಲ್ಲಾ ಸರಿಯಾಗಿ ಬರೆದಿದ್ದಾನಂತೆ, ನಲವತ್ತೆಂಟೇ ಯಾಕೆ ಎಂದು ಜಗಳಕ್ಕೆ ನಿಂತರು. ಪ್ರೊಫೆಸರು ಸಮಾಧಾನದಿಂದ ಹೇಳಿದರು:

"ಖರೇ ಅದರಿ, ಎಲ್ಲಾ ಸರಿ ಬರದಾನ. ಅದಕ್ಕೇ ನಲವತ್ತೆಂಟು ಕೊಟ್ಟೀನಿ. ತಪ್ಪು ಬರದಿದ್ದನಂದ್ರ ಅಷ್ಟು ಕೊಡತಿದ್ನೇನು?"

೨. ಕಾವಲಿಗೆ ಮೊದಲ ಸ್ಥಾನ

ಕಾಲೇಜಿನ ಎದುರಿಗೆ ಕುಂದಾಪುರದವರೊಬ್ಬರ ಹೋಟೆಲು. ಪ್ರೊಫೆಸರಿಗೆ ದಿನಾ ಬೆಳಿಗ್ಗೆ ಅಲ್ಲಿಯ ಮಸಾಲೆ ದೋಸೆ ಆಗಲೇಬೇಕು. ಹೊಸದಾಗಿ ಊರಿಂದ ಬಂದಿದ್ದ ಅಡುಗೆ ಭಟ್ಟರು ಒಂದು ದಿನ ಹೊರಗೆ ಬಂದು, "ದೋಸೆ ಹೇಗಿತ್ತು ಸಾರ್?" ಎಂದರು.

"ಐವತ್ತೆರಡು," ಎಂದು ಪ್ರೊಫೆಸರು ಕೈ ತೊಳೆಯಲು ಎದ್ದರು.

ಭಟ್ಟರ ಮುಖ ಇಂಗು ತಿಂದ ಮಂಗನಂತಾಯಿತು. ಸೀದಾ ಒಳಗೆ ಹೋಗಿ ಗಂಟು ಕಟ್ಟತೊಡಗಿದರು. ನಾನೇ ಓಡಿಹೋಗಿ, ಕಳೆದ ವರ್ಷ ಇಡೀ ಕಾಲೇಜಿಗೆ ಮೊದಲು ಬಂದವನಿಗೆ ಐವತ್ತೊಂದು ಎಂದು ತಿಳಿಸಿ ಹೇಳಬೇಕಾಯಿತು. ಅಂದಿನಿಂದ ಅವರು ಬೇರೆ ಯಾರಿಗೂ ಕಾವಲಿ ಮುಟ್ಟಗೊಡಲಿಲ್ಲ.

"ದೂರ ಇರಿ ಮಾರಾಯ್ರೆ, ಇದು ಫಸ್ಟ್ ಬಂದ ಕಾವಲಿ!"

೩. ನಾಲ್ಕು ಮಾರ್ಕು

ಆ ಹೋಟೆಲಿನವರ ಮಗಳು ನಮ್ಮ ವಿದ್ಯಾರ್ಥಿನಿ. ಗಿರಾಕಿಗಳ ಗದ್ದಲದ ನಡುವೆ ಮೂಲೆಯ ಮೇಜಿನಲ್ಲಿ ಕೂತು ಓದಿದವಳು. ಬಿ.ಎಸ್‌ಸಿ.ಯಲ್ಲಿ ಐವತ್ತಾರು ತೆಗೆದಾಗ ಕಾಲೇಜೇ ಬೆರಗಾಯಿತು. ಸಂತೋಷ ವಾರವೂ ಉಳಿಯಲಿಲ್ಲ. ನಾಸಿಕ್ಕಿನ ಕಾಲೇಜಿನಲ್ಲಿ ಎಂ.ಎಸ್‌ಸಿ.ಗೆ ಅರವತ್ತು ಬೇಕು. ಬೇರೆ ಊರಿನ ಹುಡುಗರು ಎಪ್ಪತ್ತು, ಎಪ್ಪತ್ತೈದು ಹಿಡಿದು ಸಾಲಿನಲ್ಲಿ ನಿಂತಿದ್ದರು. ಸೀಟು ಸಿಗದಿದ್ದರೆ ಮದುವೆ ಎಂದು ಮನೆಯಲ್ಲಿ ಮಾತಾಗಿತ್ತು.

ಅಪ್ಪ ಬಂದು ಪ್ರೊಫೆಸರಿಗೆ ಕೈಮುಗಿದರು. "ನಾಲ್ಕೇ ಮಾರ್ಕು ಸಾರ್."

"ಗ್ರೇಸ್ ಅನ್ನೋ ಶಬ್ದ ನನ್ನ ಮುಂದ ತೆಗೀಬ್ಯಾಡ್ರಿ. ಶಿಫಾರಸಿನ ಚಿಠ್ಠಿ ಬೇಕಾದ್ರ ಕೊಡತೀನಿ."

ಪ್ರೊಫೆಸರು ಹೇಳಿದರು, ನಾನು ಇಂಗ್ಲಿಷಿನಲ್ಲಿ ಟೈಪು ಮಾಡಿದೆ: "ಈಕೆಯ ಕೆಲಸದ ಬಗ್ಗೆ ನನ್ನ ತಕರಾರಿಲ್ಲ." ಅಷ್ಟೇ. ಇನ್ನೊಂದು ಸಾಲಾದರೂ ಹೇಳ್ರಿ ಸರ್ ಎಂದು ನಾನು ಬೇಡಿಕೊಂಡೆ. ಅವರು ಆಕೆಯ ಪ್ರಯೋಗದ ಪುಸ್ತಕ ತೆಗೆದು ಪುಟ ತಿರುವಿದರು.

"ಹಾಕ್ರಿ: ಈಕೆಯ ಕೈಬರಹ ಓದಲು ಬರುತ್ತದೆ."

೪. ನಾಸಿಕ್ಕಿನಲ್ಲಿ

ಆ ಚಿಠ್ಠಿ ಹಿಡಿದು ಅಪ್ಪ, ಮಗಳು, ನಾನು ಎಸ್.ಟಿ. ಬಸ್ಸು ಹತ್ತಿದೆವು. ಅಲ್ಲಿಯ ಗುಮಾಸ್ತ ಐವತ್ತಾರು ನೋಡಿದವನೇ ಅರ್ಜಿ ವಾಪಸು ತಳ್ಳಿದ. ಪುಣ್ಯಕ್ಕೆ ವಿಭಾಗದ ಮುಖ್ಯಸ್ಥರು ಅಲ್ಲೇ ಇದ್ದರು. ಚಿಠ್ಠಿ ಓದಿದರು, ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು.

"ತಕರಾರಿಲ್ಲ ಅಂತ ಅವರೇ ಬರೆದರೇ?" ಎಂದು ಮರಾಠಿಯಲ್ಲಿ ಕೇಳಿದರು. "ನಾನೂ ಅವರ ವಿದ್ಯಾರ್ಥಿ. ಮಗೂ, ನಿನಗೆ ಸೀಟು ಕೊಟ್ಟೆ."

ಹುಡುಗಿ ಅಲ್ಲೇ ಅತ್ತುಬಿಟ್ಟಳು. ನನಗೂ ಕಣ್ಣು ತುಂಬಿತು. ನಿಮಗೆ ಏನು ಬರೆದುಕೊಟ್ಟಿದ್ದರು ಎಂದು ನಾನು ಮೆಲ್ಲಗೆ ಕೇಳಿದೆ.

"ಇವನಿಂದ ಪ್ರಯೋಗಶಾಲೆಗೆ ಇನ್ನೂ ಬೆಂಕಿ ಬಿದ್ದಿಲ್ಲ."

೫. ಸುಲಭದ ಪೇಪರು

ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಹಬ್ಬ. ನಾಸಿಕ್ಕಿನಿಂದ ತಂದ ಅವಲಕ್ಕಿ ಚಿವಡಾವನ್ನು ಹುಡುಗಿಯೇ ಪ್ರೊಫೆಸರ ಮುಂದೆ ಇಟ್ಟಳು. ಎರಡು ಮುಷ್ಟಿ ತಿಂದು, ಯಾರೂ ಕೇಳದಿದ್ದರೂ ಅವರು ಅಂದರು:

"ಅರವತ್ತೆರಡು."

ಹೋಟೆಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಭಟ್ಟರು ಸೌಟು ಹಿಡಿದೇ ಹೊರಗೆ ಬಂದರು. "ಎಂತ ಸಾರ್ ಇದು? ನನ್ನ ದೋಸೆಗೆ ಐವತ್ತೆರಡು, ಪರವೂರಿನ ಅವಲಕ್ಕಿಗೆ ಅರವತ್ತೆರಡಾ?"

"ಚಿವಡಾ ಸುಲಭದ ಪೇಪರ್ ರೀ," ಎಂದರು ಪ್ರೊಫೆಸರು. "ದೋಸೆ ಕಠಿಣ."

"ಆಯ್ತು. ಹಾಗಾದ್ರೆ ನನಗೂ ಒಂದು ಚಿಠ್ಠಿ ಬರೆದುಕೊಡಿ. ಸುಲಭದ ಪೇಪರ್ ಇರುವ ನಾಸಿಕ್ಕಿಗೆ ನಾನೂ ಹೋಗ್ತೇನೆ."

ಪ್ರೊಫೆಸರ ಕೈಯಲ್ಲಿದ್ದ ಚಿವಡಾ ತಟ್ಟೆಗೆ ಬಿತ್ತು. ದೋಸೆಯಿಲ್ಲದ ನಾಳೆ ಬೆಳಗಿನ ತಿಂಡಿ ಅವರ ಕಣ್ಣ ಮುಂದೆ ಬಂದಿರಬೇಕು. ಇಪ್ಪತ್ತು ವರ್ಷದ ನೌಕರಿಯಲ್ಲಿ ಮೊದಲ ಬಾರಿ ಅವರು ಗಡಬಡಿಸಿದರು.

"ತಡೀರಿ, ತಡೀರಿ! ದೋಸೆಗೆ ಅರವತ್ತು. ಎಂಟು ಗ್ರೇಸ್ ಹಾಕೀನಿ."

ಭಟ್ಟರು ಗೆಲುವಿನಿಂದ ಒಳಗೆ ಹೋದರು. ಹುಡುಗಿ ಮಾತ್ರ ಖಾಲಿ ಪೊಟ್ಟಣ ಹಿಡಿದು ನಿಂತೇ ಇದ್ದಳು.

"ಸರ್," ಎಂದಳು, "ನನಗೆ ನಾಲ್ಕೇ ಸಾಕಿತ್ತಲ್ಲ!"