ಅಂಬುಜಾಕ್ಷಮ್ಮನವರ ಚೊಚ್ಚಲ ಚುಕ್ಕೆ

ಕೇಳಿರಯ್ಯಾ, ಕೇಳಿರಮ್ಮಾ! ತ್ರೇತೆಯಲ್ಲಿ ಕಡಲು ದಾಟಿ ಕಾದಿದ್ದು, ದ್ವಾಪರದಲ್ಲಿ ಐದು ಊರುಗಳಿಗಾಗಿ ಬಡಿದಾಡಿದ್ದು ಎಲ್ಲವೂ ಮಕ್ಕಳಾಟವೆನಿಸುವಂತೆ, ಸ್ಕೂಟರ್‌ಸಂಕುಲಸಂಕೀರ್ಣವಾದ ಈ ಕಲಿಯುಗದಲ್ಲಿ, ಮೈಸೂರೆಂಬ ಮಹಾನಗರದಲ್ಲಿ, ಒಂದು ಚುಕ್ಕೆಗಾಗಿ ನಡೆದ ಘನಘೋರ ಸಮರವನ್ನು ಹೇಳುತ್ತೇನೆ. ಸುಳ್ಳೆಂದವರ ಸೈಕಲ್ಲಿನ ಗಾಳಿ ಇಳಿಯಲಿ!

ನಗರದಲ್ಲಿ ಸೈಕಲ್ ನಿಲ್ಲಿಸಲು ಎಲ್ಲೆಲ್ಲಿ ತಾಣವುಂಟೆಂದು ತೋರಿಸುವ, ಯಾರು ಬೇಕಾದರೂ ನೋಡಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯೊಂದನ್ನು ಸ್ವಯಂಸೇವಕರು ತುಂಬುತ್ತಿದ್ದ ಕಾಲವದು. ಆ ಸೇನೆಗೆ ಹೊಸದಾಗಿ ಸೇರಿದವರೇ ನಮ್ಮ ನಾಯಕಿ, ನಿವೃತ್ತಚಿತ್ರಕಲಾಶಿಕ್ಷಕಿಶಿರೋಮಣಿ, ದಪ್ಪಗಾಜಿನ ಉಪನೇತ್ರವಿರಾಜಿತೆ ಅಂಬುಜಾಕ್ಷಮ್ಮನವರು. ಮಂಚದಿಂದಿಳಿಯದೆಯೇ, ಉಪಗ್ರಹವು ಗಗನದಿಂದ ತೆಗೆದ ಚಿತ್ರದಲ್ಲಿ ಸಾಲಾಗಿ ಹೊಳೆಯುವ ಕಬ್ಬಿಣದ ಕಂಬಿಗಳನ್ನು ಕಂಡು, ಇದುವೇ ಸೈಕಲ್ ಸ್ಟ್ಯಾಂಡೆಂದು ಸಾರಿ, ತಮ್ಮ ಚೊಚ್ಚಲ ಚುಕ್ಕೆಯನ್ನಿಟ್ಟರು. ಅಕ್ಕನಿಗೆ ಫೋನು ಹೋಯಿತು. ಹಾಲಿನವನಿಗೂ ದರ್ಶನವಾಯಿತು.

ಅದನ್ನಳಿಸಲು ಬೆರಳೆತ್ತಿದವಳು ಯಾರು? ಅದೇ ಸೇನೆಯ ಹಳೆಯ ಹುಲಿ, ಗಲ್ಲಿಗಲ್ಲಿಸಂಚಾರಿಣಿ, ಸ್ವಂತ ಸೊಸೆ ಸಿಂಚನಾ!

"ಅತ್ತೆ, ಅದು ಸ್ಟ್ಯಾಂಡ್ ಅಲ್ಲ. ಹೋಟೆಲ್ ಮುಂದೆ ಕ್ಯೂ ನಿಲ್ಲೋಕೆ ಹಾಕಿರೋ ಕಂಬಿ. ಅಳಿಸಿಬಿಡ್ತೀನಿ."

"ಅಳಿಸಿ ನೋಡೇ! ಬೋರ್ಡಿನ ಮೇಲೆ ನಾನೆಳೆದ ಗೆರೆ ಅಳಿಸೋಕೆ ಹೆಡ್‌ಮಾಸ್ಟರೇ ಹೆದರ್ತಿದ್ರು!"

"ನೆಲದ ಮೇಲೆ ಇದ್ರೆ ತಾನೇ ಅತ್ತೆ, ನಕ್ಷೇಲಿರೋದು?"

"ನಡಿ ಹಾಗಾದ್ರೆ, ನೆಲಕ್ಕೇ ಹೋಗೋಣ! ನನ್ನ ಸೈಕಲ್ ಅಲ್ಲಿ ನಿಂತ್ರೆ ಚುಕ್ಕೆ ಉಳೀತು. ನಿಲ್ಲದಿದ್ರೆ ನನ್ನ ಕೈಯಾರೆ ನಾನೇ ಅಳಿಸ್ತೀನಿ!"

ಆಗ ಭೂಮಿ ನಡುಗಿತು. ಬಸ್ಸು ಹೋಯಿತೆನ್ನುವವರುಂಟು, ನಾನೊಪ್ಪುವುದಿಲ್ಲ.

ಭಾನುವಾರದ ಬೆಳಗು. ಹೋಟೆಲಿನ ಪಾರ್ಸಲ್ ಕೌಂಟರಿನ ಮುಂದೆ ಅಕ್ಷೌಹಿಣಿಯೋಪಾದಿಯ ಜನಸಾಗರ. ಕಂಬಿಗಳ ನಡುವೆ, ಸಾಲಿನ ಕಟ್ಟಕಡೆಯಲ್ಲಿ, ಅಂಬುಜಾಕ್ಷಮ್ಮನವರು ತಮ್ಮ ಲೇಡೀಸ್ ಸೈಕಲ್ಲನ್ನು ನುಗ್ಗಿಸಿ, ಕಾಲಿನಿಂದ ಸ್ಟ್ಯಾಂಡೊದ್ದು ಕೈಬಿಟ್ಟರು. ನಿಂತಿತು! ಮೇರುಪರ್ವತದಂತೆ ನಿಂತಿತು!

"ಕಂಡೆಯೇನೇ? ಎದುರುಗಡೆಯಿಂದ ಫೋಟೋ ತೆಗಿ. ಪೂರ್ತಿ ಬರಬೇಕು."

ಗೆದ್ದ ಅತ್ತೆಯೂ ಸೋತ ಸೊಸೆಯೂ, ಹಾರನ್ನುಗಳ ಹಾವಳಿಯಲ್ಲಿ ರಸ್ತೆಯ ಆಚೆಬದಿಗೆ ದಾಟಿ, ಹಿಂದಿರುಗಿ ನೋಡುತ್ತಾರೆ, ಸೈಕಲ್ಲಿಲ್ಲ!

ಇಲ್ಲವೆಂದರೆ, ಅಲ್ಲಿಲ್ಲ. ಚೀಲವಿಟ್ಟರೂ ಟವೆಲ್ಲಿಟ್ಟರೂ ಸರದಿಯೆಂದು ಮನ್ನಿಸುವ ಧರ್ಮಭೂಮಿಯಲ್ಲವೇ ನಮ್ಮದು? ಯಾರೋ ಸೈಕಲ್ಲನ್ನು ಕ್ಯೂಗೆ ನಿಲ್ಲಿಸಿ ಹೋಗಿದ್ದಾರೆಂದು ಬಗೆದ, ಹಿಂದೆ ಬಂದು ನಿಂತ ಮಹಾನುಭಾವರು, ಸಾಲು ಸರಿದಂತೆಲ್ಲ ಅದನ್ನು ಮುಂದೆ ಮುಂದೆ ಸರಿಸುತ್ತ, ಕಿಂಚಿತ್ತೂ ಅನ್ಯಾಯವಾಗದಂತೆ ಕಾಪಾಡಿಕೊಂಡು ಬಂದಿದ್ದರು.

"ಅತ್ತೆ," ಸಿಂಚನಾ ನಗು ತಡೆದುಕೊಂಡು ಪಿಸುಗುಟ್ಟಿದಳು, "ಅದು ನಿಂತಿಲ್ಲ. ನಡೀತಿದೆ."

ಕೊಟ್ಟ ಮಾತಿಗೆ ತಪ್ಪದ ಸತ್ಯಸಂಧೆ ಅಂಬುಜಾಕ್ಷಮ್ಮನವರು ಫೋನು ತೆಗೆದು, ಚೊಚ್ಚಲ ಚುಕ್ಕೆಯನ್ನೊಮ್ಮೆ ಕಣ್ತುಂಬ ನೋಡಿ, ಹೆಬ್ಬೆರಳಿನಿಂದ ಅಳಿಸಿದರು. ಜಗತ್ತು ಸ್ತಬ್ಧವಾಯಿತು.

"ಯಾರದ್ರೀ ಈ ಸೈಕಲ್ಲು? ಸರದಿ ಬಂತು, ಬೇಗ ಹೇಳ್ರೀ!" ಕೌಂಟರಿನಿಂದ ಕೂಗು ಮೊಳಗಿತು.

ಸೆರಗು ಬಿಗಿದು, ವಾಹನಪ್ರವಾಹವನ್ನು ಒಂದೇ ಹಸ್ತದಿಂದ ತಡೆದು, ರಸ್ತೆ ದಾಟಿದ ವೀರಮಾತೆ ಕೌಂಟರಿನೆದುರು ತಲೆಯೆತ್ತಿ ನಿಂತು ಗರ್ಜಿಸಿದರು:

"ಆರು ಇಡ್ಲಿ, ಎರಡು ವಡೆ. ಚಟ್ನಿ ಬೇರೆ ಕಟ್ಟಪ್ಪ."